‘ನೆಟ್ ಪೋಯಿ’ ಅಂದಾಗ ನಾವೇ ಏನು ಮಾಡಬಹುದು?
(ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಎಂ.ಟೆಕ್. ಮುಗಿಸಿ ಮೊದಲು ತಿರುವನಂತಪುರದ ಟೆಕ್ನೋಪಾರ್ಕ್‌ನಲ್ಲಿದ್ದೆ, ಈಗ ಕಾಕ್ಕನಾಡಿನ ಇನ್ಫೋಪಾರ್ಕ್‌ನಲ್ಲಿದ್ದೇನೆ. ಕಂಪ್ಯೂಟರ್ ಬಗ್ಗೆ ಏನಾದರೂ ಹೇಳಿ ಎಂದು ನಮ್ಮ ಕಾರ್ಯದರ್ಶಿಯವರು ಕೇಳಿದಾಗ, ಕೃತಕ ಬುದ್ಧಿಮತ್ತೆ ಮುಂತಾದ ದೊಡ್ಡ ವಿಷಯ ಬೇಡ, ಮನೆಯ ವೈಫೈ ಬಗ್ಗೆಯೇ ಮಾತಾಡುತ್ತೇನೆ ಎಂದೆ. ಕೇರಳಕ್ಕೆ ಬಂದ ಮೇಲೆ ನಾವೆಲ್ಲ ಬೇಗ ಕಲಿಯುವ ಮಲಯಾಳಂ ಮಾತು ‘ನೆಟ್ ಪೋಯಿ’. ‘ಕರೆಂಟ್ ಪೋಯಿ’ ಅದರ ಅಕ್ಕ. ಇಬ್ಬರೂ ಹೆಚ್ಚಾಗಿ ಜೊತೆಯಲ್ಲೇ ಬರುತ್ತಾರೆ.

ನೆಟ್ ಹೋದಾಗ ನಮ್ಮಲ್ಲಿ ಹೆಚ್ಚಿನವರು ಮಾಡುವುದು ಒಂದೇ ಕೆಲಸ: ಕಾಯುವುದು. ಯಜಮಾನರು ಆಫೀಸಿನಿಂದ ಬರಲಿ, ಮಗ ಹಾಸ್ಟೆಲಿನಿಂದ ಫೋನ್ ಮಾಡಲಿ, ಕಂಪನಿಯ ಹುಡುಗ ಬರಲಿ. ಅಷ್ಟರಲ್ಲಿ ಮಗುವಿನ ಕ್ಲಾಸು ಮುಗಿದಿರುತ್ತದೆ, ಇಲ್ಲವೇ ಡಾಕ್ಟರರ ವಿಡಿಯೋ ಕರೆಯ ಹೊತ್ತು ದಾಟಿರುತ್ತದೆ. ಈ ಕಾಯುವಿಕೆಯಲ್ಲಿ ಅರ್ಧದಷ್ಟನ್ನಾದರೂ ಕಡಿಮೆ ಮಾಡುವುದು ನನ್ನ ಇಂದಿನ ಉದ್ದೇಶ.

ಮೊದಲು ಒಂದು ಮುಖ್ಯ ಮಾತು. ವೈಫೈ ಮತ್ತು ಇಂಟರ್‌ನೆಟ್ ಎರಡೂ ಒಂದೇ ಅಲ್ಲ. ಮನೆಯ ನೀರನ್ನು ನೆನೆಸಿಕೊಳ್ಳಿ. ಬೀದಿಯಿಂದ ಕೊಳಾಯಿ ಬರುತ್ತದೆ, ಅದು ಮನೆಯ ಟ್ಯಾಂಕ್ ಸೇರುತ್ತದೆ, ಟ್ಯಾಂಕಿನಿಂದ ಅಡುಗೆಮನೆಯ ನಲ್ಲಿಗೆ ಬರುತ್ತದೆ. ಬೀದಿಯ ಕೊಳಾಯಿ ಎಂದರೆ ಕಂಪನಿಯ ಫೈಬರ್ ಲೈನು. ಟ್ಯಾಂಕ್ ಎಂದರೆ ಗೋಡೆಯಲ್ಲಿರುವ ಆ ಡಬ್ಬಿ, ಅಂದರೆ ಮೋಡೆಮ್ ಮತ್ತು ರೂಟರ್. ಟ್ಯಾಂಕಿನಿಂದ ನಲ್ಲಿಗೆ ಬರುವ ಪೈಪೇ ವೈಫೈ, ಅದು ಗಾಳಿಯಲ್ಲಿದೆ. ನಲ್ಲಿ ನಮ್ಮ ಕಂಪ್ಯೂಟರ್. ನೀರು ಬರಲಿಲ್ಲವೆಂದರೆ ನಾವು ನಲ್ಲಿಯನ್ನು ಬಿಚ್ಚುತ್ತೇವೆಯೇ? ಪಕ್ಕದ ನಲ್ಲಿಯಲ್ಲಿ ಬರುತ್ತಿದೆಯೇ ಎಂದು ಮೊದಲು ನೋಡುತ್ತೇವೆ. ಇಲ್ಲಿಯೂ ಅದನ್ನೇ ಮಾಡಬೇಕು.

ಆದ್ದರಿಂದ ಮೊದಲ ಹೆಜ್ಜೆ: ಮೊಬೈಲ್ ತೆಗೆದುಕೊಂಡು ಮೊಬೈಲ್ ಡೇಟಾ ಆಫ್ ಮಾಡಿ, ವೈಫೈಯಲ್ಲಿ ಯಾವುದಾದರೂ ಪುಟ ತೆರೆಯಿರಿ. ಡೇಟಾ ಆಫ್ ಮಾಡದಿದ್ದರೆ ಫೋನು ಸದ್ದಿಲ್ಲದೆ ಸಿಮ್‌ನ ನೆಟ್ ಬಳಸಿ ನಿಮ್ಮನ್ನು ಏಮಾರಿಸುತ್ತದೆ. ಮೊಬೈಲಿನಲ್ಲಿ ಬಂತು, ಕಂಪ್ಯೂಟರಿನಲ್ಲಿ ಇಲ್ಲ ಎಂದರೆ ತೊಂದರೆ ಕಂಪ್ಯೂಟರಿನದು. ಎರಡರಲ್ಲೂ ಇಲ್ಲ ಎಂದರೆ ಡಬ್ಬಿಯ ಹತ್ತಿರ ಹೋಗಿ.

ಎರಡನೆಯದು, ಡಬ್ಬಿಯ ದೀಪಗಳು. ಫೈಬರ್ ಇರುವ ಮನೆಗಳಲ್ಲಿ ಸಾಮಾನ್ಯವಾಗಿ ‘ಪಾನ್’ ಮತ್ತು ‘ಲಾಸ್’ ಎಂಬ ಎರಡು ದೀಪಗಳಿರುತ್ತವೆ. ‘ಪಾನ್’ ಅಲುಗಾಡದೆ ಹಸಿರಾಗಿ ಉರಿಯುತ್ತಿದ್ದರೆ ಲೈನು ಮನೆಯವರೆಗೆ ಸರಿಯಾಗಿದೆ ಎಂದರ್ಥ. ‘ಲಾಸ್’ ಕೆಂಪಾಗಿ ಮಿನುಗುತ್ತಿದ್ದರೆ ಗಾಜಿನ ಎಳೆಯಲ್ಲಿ ಬೆಳಕು ಬರುತ್ತಿಲ್ಲ. ಎಲ್ಲೋ ತುಂಡಾಗಿದೆ ಅಥವಾ ತೀರಾ ಬಾಗಿದೆ. ಮಳೆಗಾಲದಲ್ಲಿ ತೆಂಗಿನ ಗರಿ ಬಿದ್ದರೆ ಸಾಕು. ಒಳಗೆ ಕಪಾಟು ಸರಿಸುವಾಗ ವೈರು ಸಿಕ್ಕಿಕೊಂಡಿದೆಯೇ ನೋಡಿ. ಇಲ್ಲದಿದ್ದರೆ ಕಂಪನಿಗೆ ದೂರು ಕೊಡಿ, ನಾವು ಮಾಡುವುದೇನೂ ಇಲ್ಲ. ಆ ವೈರನ್ನು ಬಿಚ್ಚಿ ತುದಿಯೊಳಗೆ ಇಣುಕಬೇಡಿ. ಅದರಲ್ಲಿರುವುದು ಕಣ್ಣಿಗೆ ಕಾಣದ ಲೇಸರ್ ಬೆಳಕು.

ದೀಪಗಳು ಸರಿಯಾಗಿದ್ದೂ ನೆಟ್ ಇಲ್ಲದಿದ್ದರೆ ಸ್ವಿಚ್ ಆಫ್ ಮಾಡಿ, ಒಂದು ನಿಮಿಷ ಬಿಟ್ಟು ಹಾಕಿ. ಮೋಡೆಮ್ ಮತ್ತು ರೂಟರ್ ಬೇರೆ ಬೇರೆ ಇದ್ದರೆ ಮೊದಲು ಮೋಡೆಮ್, ಅದರ ದೀಪ ನಿಂತ ಮೇಲೆ ರೂಟರ್. ಪೂರ್ತಿ ಏಳಲು ಎರಡು ಮೂರು ನಿಮಿಷ ಬೇಕು; ನಡುವೆ ಮತ್ತೆ ಮತ್ತೆ ಸ್ವಿಚ್ ಒತ್ತಬೇಡಿ. ಹಿಂದಿರುವ ಸಣ್ಣ ರೀಸೆಟ್ ತೂತಿಗೆ ಪಿನ್ ಚುಚ್ಚಲೂಬೇಡಿ. ಅದು ಕಂಪನಿಯವರು ತುಂಬಿದ ಸೆಟ್ಟಿಂಗನ್ನೆಲ್ಲ ಅಳಿಸಿಬಿಡುತ್ತದೆ.

ಮೂರನೆಯದು, ನೆಟ್ ಇದೆ ಆದರೆ ಒಂದು ಕೋಣೆಯಲ್ಲಿ ಮಾತ್ರ ಬರುವುದಿಲ್ಲ ಎಂಬ ದೂರು. ಇಲ್ಲಿನ ಹಳೆಯ ಮನೆಗಳ ಗೋಡೆ ಚೆಂಗಲ್ಲಿನದು, ನಮ್ಮ ಮಂಗಳೂರು ಕಡೆಯ ಕೆಂಪು ಕಲ್ಲು. ದಪ್ಪ ಗೋಡೆ, ಮಳೆಗಾಲದಲ್ಲಿ ತೇವ ಬೇರೆ. ಇಂಥ ಎರಡು ಗೋಡೆ ದಾಟುವಷ್ಟರಲ್ಲಿ ಸಿಗ್ನಲ್ ಸೊರಗುತ್ತದೆ. ಹೊಸ ಫ್ಲ್ಯಾಟುಗಳಲ್ಲಿ ಕಬ್ಬಿಣ ತುಂಬಿದ ಕಾಂಕ್ರೀಟಿನದೂ ಇದೇ ಕಥೆ. ಡಬ್ಬಿಯನ್ನು ಟಿವಿಯ ಹಿಂದೆ, ಗೋದ್ರೆಜ್ ಬೀರುವಿನ ಪಕ್ಕ, ಫ್ರಿಜ್ಜಿನ ಮೇಲೆ ಇಡಬೇಡಿ. ಮನೆಯ ನಡುಭಾಗದಲ್ಲಿ, ಎದೆಮಟ್ಟಕ್ಕಿಂತ ಎತ್ತರದಲ್ಲಿ, ಬಯಲಾಗಿರಲಿ. ಚೆಂದ ಕಾಣುವುದಿಲ್ಲ ಎಂದು ಅದರ ಮೇಲೆ ಕಸೂತಿ ಬಟ್ಟೆ ಹೊದಿಸುವವರಿದ್ದಾರೆ. ಬಿಸಿಯಾಗಿ ಅದು ಕೆಡುತ್ತದೆ.

ನಿಮ್ಮ ವೈಫೈ ಹೆಸರು ಎರಡು ಕಾಣುತ್ತದೆಯಲ್ಲವೇ? ಒಂದು 2.4 ಗಿಗಾಹರ್ಟ್ಸ್, ಇನ್ನೊಂದು 5. ಐದರದು ವೇಗ ಹೆಚ್ಚು, ಗೋಡೆ ದಾಟುವ ಶಕ್ತಿ ಕಡಿಮೆ. 2.4 ದೂರ ಹೋಗುತ್ತದೆ. ಆದರೆ ಅಕ್ಕಪಕ್ಕದ ಮನೆಗಳ ವೈಫೈ, ಬ್ಲೂಟೂತ್, ಮೈಕ್ರೋವೇವ್ ಒಲೆ ಎಲ್ಲವೂ ಅದೇ ಬೀದಿಯಲ್ಲಿ ಓಡಾಡುತ್ತವೆ. ಡಬ್ಬಿಯ ಕೋಣೆಯಲ್ಲಿ 5, ದೂರದ ಕೋಣೆಯಲ್ಲಿ 2.4 ಎಂದು ನೆನಪಿಟ್ಟುಕೊಳ್ಳಿ.

ನಾಲ್ಕನೆಯದು ಕಂಪ್ಯೂಟರ್. ಏರೋಪ್ಲೇನ್ ಮೋಡ್ ಕೈತಪ್ಪಿ ಆನ್ ಆಗಿದೆಯೇ ನೋಡಿ. ಲ್ಯಾಪ್‌ಟಾಪಿನಲ್ಲಿ ಒಂದೇ ಕೀಲಿಯಿಂದ ಆಗುತ್ತದೆ, ಮಕ್ಕಳಿರುವ ಮನೆಯಲ್ಲಿ ದಿನಾ ಆಗುತ್ತದೆ. ಪಾಸ್‌ವರ್ಡ್ ಬದಲಾಗಿದ್ದರೆ ಹಳೆಯ ವೈಫೈ ಹೆಸರನ್ನು ‘ಫರ್ಗೆಟ್’ ಮಾಡಿ ಹೊಸದಾಗಿ ಸೇರಿಸಿ. ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಐಪಿ ವಿಳಾಸ ಎಂದಿರುತ್ತದೆ. ಅದು 169.254 ಎಂದು ಶುರುವಾದರೆ, ರೂಟರ್ ವಿಳಾಸ ಕೊಟ್ಟಿಲ್ಲ, ಕಂಪ್ಯೂಟರ್ ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ. ವೈಫೈ ಆಫ್ ಮಾಡಿ ಆನ್ ಮಾಡಿ, ಆಗದಿದ್ದರೆ ರೂಟರನ್ನೂ. ಹಳೆಯ ಡೆಸ್ಕ್‌ಟಾಪಿನಲ್ಲಿ ಯಾವ ಪುಟ ತೆರೆದರೂ ‘ಸುರಕ್ಷಿತವಲ್ಲ’ ಎಂದು ಬಂದರೆ ಮೂಲೆಯ ತಾರೀಖು ನೋಡಿ. ಒಳಗಿನ ನಾಣ್ಯದಂಥ ಬ್ಯಾಟರಿ ಸತ್ತು ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿರಬಹುದು. ತಾರೀಖು ತಿದ್ದಿದರೆ ಪುಟಗಳು ತೆರೆಯುತ್ತವೆ.

ಕೇರಳಕ್ಕೇ ವಿಶೇಷವಾದ ಒಂದು ಎಚ್ಚರಿಕೆ ಇಡಿಮಿನ್ನಲ್. ತುಲಾವರ್ಷದ ಅಕ್ಟೋಬರ್-ನವೆಂಬರ್ ಮಧ್ಯಾಹ್ನಗಳ ಗುಡುಗು ಮಿಂಚನ್ನು ನೀವೆಲ್ಲ ಕಂಡಿದ್ದೀರಿ. ಫೈಬರ್ ಗಾಜಿನದು, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಆದರೆ ಅಡಾಪ್ಟರಿನ ಮೂಲಕ ಹರಿಯುತ್ತದೆ. ಮೋಡ ಕವಿದಾಗಲೇ ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು.

ಇನ್ನು ಈ ಮಾತುಗಳಿಗೆಲ್ಲ ಕಾರಣವಾದವರ ವಿಷಯ. ತಿರುವನಂತಪುರದಲ್ಲಿ ನಾವಿದ್ದ ಮನೆಯ ಕೆಳಗೆ ನಿವೃತ್ತ ಶಿಕ್ಷಕಿಯೊಬ್ಬರಿದ್ದರು. ಅವರ ಯಜಮಾನರು ತೀರಿಕೊಂಡ ತಿಂಗಳಲ್ಲೇ ನೆಟ್ ನಿಂತಿತು. ಖಾತೆ ಯಜಮಾನರ ಹೆಸರಲ್ಲಿ. ಒಟಿಪಿ ಹೋಗುವುದು ರೀಚಾರ್ಜ್ ಇಲ್ಲದೆ ನಿಂತುಹೋದ ಅವರ ಸಿಮ್‌ಗೆ. ಪಾಸ್‌ವರ್ಡ್ ಅವರ ತಲೆಯಲ್ಲಿತ್ತು. ಫೋನ್ ಮಾಡಿದರೆ, “ಖಾತೆದಾರರೇ ಮಾತಾಡಬೇಕು” ಎಂಬ ಉತ್ತರ. ಅದನ್ನು ಕೇಳಿ ಟೀಚರಮ್ಮ ಫೋನಿಟ್ಟು ಸುಮ್ಮನೆ ಕುಳಿತುಬಿಟ್ಟರು. ವಿದೇಶದಲ್ಲಿದ್ದ ಮಗಳ ಮುಖ ಕಾಣುತ್ತಿದ್ದದ್ದು ಆ ಕಂಪ್ಯೂಟರಿನಲ್ಲಿ ಮಾತ್ರ. ಮರಣ ಪ್ರಮಾಣಪತ್ರ, ಗುರುತಿನ ಚೀಟಿ ಎಲ್ಲ ಕೊಟ್ಟು ಖಾತೆ ಅವರ ಹೆಸರಿಗೆ ಬರುವಷ್ಟರಲ್ಲಿ ಹನ್ನೊಂದು ದಿನವಾಯಿತು. “ಅವರಿದ್ದಾಗ ನಾನು ಆ ಡಬ್ಬಿಯ ಕಡೆ ನೋಡಿಯೇ ಇರಲಿಲ್ಲ ಕಣಮ್ಮ” ಎಂದರು. ಆ ವಾರ ನಾವಿಬ್ಬರೂ ಕೂತು ಈಗ ಹೇಳಿದ ಹೆಜ್ಜೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದೆವು. ಆಮೇಲೆ ಮೇಲಿನ ಮನೆಯವರ ನೆಟ್ ಹೋದಾಗ ನಾನು ಆಫೀಸಿನಲ್ಲಿದ್ದೆ. ಹೋಗಿ ಸರಿಮಾಡಿ ಬಂದವರು ಟೀಚರಮ್ಮ.

ಮೋಸದ ಬಗ್ಗೆಯೂ ಒಂದು ಮಾತು. ನೆಟ್ ಹೋದ ಗಾಬರಿಯಲ್ಲಿ ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಬೇಡಿ. ವಂಚಕರು ಅಲ್ಲಿ ತಮ್ಮ ನಂಬರ್ ಹಾಕಿ ಕಾಯುತ್ತಿರುತ್ತಾರೆ. ಬಿಲ್ಲಿನ ಮೇಲಿರುವ ನಂಬರಿಗೇ ಮಾಡಿ. “ಒಂದು ಆ್ಯಪ್ ಹಾಕಿಕೊಳ್ಳಿ, ನಿಮ್ಮ ಸ್ಕ್ರೀನ್ ನೋಡಿ ಸರಿಮಾಡುತ್ತೇವೆ” ಎಂದರೆ ಫೋನಿಡಿ. ಹಣ ಹೋಗಿಬಿಟ್ಟರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ನಾವಿರುವ ರಾಜ್ಯ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಕೇರಳ ಹೈಕೋರ್ಟ್, ಇಂಟರ್‌ನೆಟ್ ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಮತ್ತು ಖಾಸಗಿತನದ ಹಕ್ಕಿನ ಭಾಗ ಎಂದು ಹೇಳಿತು. ಆ ಮೊಕದ್ದಮೆ ಹೂಡಿದವಳು ಫಹೀಮಾ ಶಿರಿನ್ ಎಂಬ ಕಾಲೇಜು ಹುಡುಗಿ. ಓದಿನ ಹೊತ್ತಿನಲ್ಲಿ ಮೊಬೈಲ್ ಒಪ್ಪಿಸಬೇಕೆಂಬ ನಿಯಮಕ್ಕೆ ಮಣಿಯದ್ದಕ್ಕೆ ಹಾಸ್ಟೆಲಿನಿಂದ ಹೊರಹಾಕಲ್ಪಟ್ಟವಳು. 2023ರ ಜೂನ್ 5ರಂದು ಸರ್ಕಾರದ ಕೆ-ಫೋನ್ ಶುರುವಾಯಿತು. 20 ಲಕ್ಷ ಬಡ ಕುಟುಂಬಗಳಿಗೆ ಉಚಿತ ನೆಟ್ ಕೊಡುವುದು ಅದರ ಗುರಿ. ಹಕ್ಕು ಕೋರ್ಟಿನಿಂದ ಬಂತು, ಲೈನು ಬಾಗಿಲಿಗೆ ಬಂತು. ಡಬ್ಬಿಯ ದೀಪ ಓದುವುದನ್ನು ನಾವೇ ಕಲಿಯಬೇಕು.

ಈ ವಾರ ಒಂದು ಕೆಲಸ ಮಾಡಿ. ಗ್ಯಾಸ್ ಬುಕ್ಕಿನ ಜೊತೆ ಇಡುವಂಥ ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆಯಿರಿ: ಖಾತೆಯ ನಂಬರು, ಅದಕ್ಕೆ ಸೇರಿಸಿರುವ ಮೊಬೈಲು, ವೈಫೈ ಪಾಸ್‌ವರ್ಡು, ದೂರು ಕೊಡುವ ನಂಬರು. ಸಾಧ್ಯವಾದರೆ ಎರಡನೆಯ ಮೊಬೈಲ್ ನಂಬರಾಗಿ ನಿಮ್ಮದನ್ನೂ ಸೇರಿಸಿ. ಗೊತ್ತಾಗದಿದ್ದರೆ ನನ್ನನ್ನು ಕೇಳಿ, ಸಂಕೋಚ ಬೇಡ. ಮುಂದಿನ ಸಭೆಯಲ್ಲಿ ಎಷ್ಟು ಮನೆಗಳಲ್ಲಿ ಆ ಹಾಳೆ ತಯಾರಾಗಿದೆ ಎಂದು ಕೈ ಎತ್ತಿಸಿ ಲೆಕ್ಕ ಹಾಕುತ್ತೇನೆ.