ನಾನು ಕತ್ತರಿ ಹಾಕಿದ ದಾರ

(ಮಹಿಳಾ ವಿಭಾಗದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಕಲೆಯ ಬಗ್ಗೆ ಹತ್ತು ನಿಮಿಷ ಮಾತಾಡಿ ಎಂದು ಕಾರ್ಯದರ್ಶಿಯವರು ಹೇಳಿದಾಗ ಮೊದಲು ನಕ್ಕುಬಿಟ್ಟೆ. ನನಗೆ ರಂಗೋಲಿ ಕೂಡ ನೆಟ್ಟಗೆ ಬರುವುದಿಲ್ಲ. ಆದರೆ ನನ್ನ ಮನೆಯಲ್ಲಿ ಒಬ್ಬ ಕಲಾವಿದೆ ಇದ್ದಾಳೆ. ಅದು ನನಗೆ ತಿಳಿದದ್ದು ಬಹಳ ತಡವಾಗಿ. ಆ ತಪ್ಪಿನ ಕಥೆಯನ್ನೇ ಇಂದು ನಿಮ್ಮ ಮುಂದೆ ಹೇಳುತ್ತೇನೆ.

ನನ್ನ ತಂಗಿಗೆ ಈಗ 52 ವರ್ಷ. ಹುಟ್ಟಿನಿಂದಲೇ ಡೌನ್ ಸಿಂಡ್ರೋಮ್. ಮಾತು ನಾಲ್ಕೋ ಐದೋ. ಧಾರವಾಡದ ನಮ್ಮ ಮನೆಯಲ್ಲಿ ಶ್ರಾವಣ ಬಂತೆಂದರೆ ಅವ್ವ ಹತ್ತಿ ಹಿಂಜಿಕೊಂಡು ಗೆಜ್ಜೆವಸ್ತ್ರ ಮಾಡಲು ಕೂಡುತ್ತಿದ್ದಳು. ತಂಗಿಯೂ ಪಕ್ಕದಲ್ಲಿ ಕೂತು ಹತ್ತಿಯನ್ನು ಕೈಗೆ ಸಿಕ್ಕಿದ್ದಕ್ಕೆಲ್ಲ ಸುತ್ತುತ್ತಿದ್ದಳು. ಚಮಚಕ್ಕೆ, ಒಡೆದ ಬಳೆಗೆ, ಕೀಲಿಕೈ ಗೊಂಚಲಿಗೆ. ಅವ್ವ ಬೈದು ಎಲ್ಲ ಬಿಚ್ಚಿ, ಹತ್ತಿ ವಾಪಸ್ಸು ತೆಗೆದುಕೊಳ್ಳುತ್ತಿದ್ದಳು. ಬಾಗಿಲಲ್ಲಿ ಯಾರಾದರೂ ಬಂದರೆ ನನಗೆ ಹೇಳುವ ಮಾತು ಒಂದೇ: "ಆಕೀನ್ನ ಒಳಗ ಕರ್ಕೊಂಡು ಹೋಗ." ನಾನು ಕರೆದುಕೊಂಡು ಹೋಗುತ್ತಿದ್ದೆ. ಅವ್ವನನ್ನು ದೂರುತ್ತಿಲ್ಲ. ಆಗ ಎಲ್ಲರ ಮನೆಯಲ್ಲೂ ಹಾಗೆಯೇ ಇತ್ತು.

ಆರು ವರ್ಷದ ಹಿಂದೆ ಅವ್ವ ತೀರಿಕೊಂಡಳು. ತಂಗಿಯನ್ನು ಪುಣೆಗೆ ಕರೆತಂದೆ. ಇಲ್ಲಿ ಹತ್ತಿ ಇರಲಿಲ್ಲ. ಉಳಿದ ಉಲ್ಲನ್, ಸೀರೆಯ ಫಾಲ್ ಬಿಚ್ಚಿದ ದಾರ, ಮಿಠಾಯಿ ಡಬ್ಬಿಯ ರಿಬ್ಬನ್ ಎಲ್ಲ ಅವಳ ಪಾಲಾಯಿತು. ಮತ್ತೆ ಸುತ್ತತೊಡಗಿದಳು. ಒಂದೊಂದನ್ನು ಹದಿನೈದು ದಿನ, ತಿಂಗಳು ಸುತ್ತುತ್ತಾಳೆ.

ಕಳೆದ ವರ್ಷ ನಮ್ಮ ವಿಭಾಗದ ಮಾರಾಟ ಮೇಳ ನಿಮಗೆಲ್ಲ ನೆನಪಿರಬೇಕು. ತಂಗಿಯದನ್ನೂ ಇಡೋಣ ಎನ್ನಿಸಿತು. ಹನ್ನೊಂದನ್ನು ಆರಿಸಿದೆ. ಆದರೆ ಇದ್ದ ಹಾಗೆ ಇಡಲು ನನಗೆ ನಾಚಿಕೆ. ದಾರಗಳೆಲ್ಲ ಜೋತುಬಿದ್ದಿವೆ, ಗಂಟುಗಳು ಎದ್ದು ಕಾಣುತ್ತವೆ! ಕತ್ತರಿ ತೆಗೆದುಕೊಂಡು ಜೋತುಬಿದ್ದದ್ದನ್ನೆಲ್ಲ ಕತ್ತರಿಸಿದೆ. ಮೇಲೆ ಕನ್ನಡಿ ಚೂರು, ಮಣಿ ಅಂಟಿಸಿದೆ. ತಂಗಿ ಬಾಗಿಲ ಬಳಿ ನಿಂತು ನೋಡುತ್ತಿದ್ದಳು. ಮೇಜಿನ ಮೇಲೆ ಚಂದದ ಅಕ್ಷರದಲ್ಲಿ ಫಲಕ ಇಟ್ಟೆ: "ವಿಶೇಷ ಮಕ್ಕಳ ಕೈಕೆಲಸ." 51 ವರ್ಷದ ಹೆಂಗಸು ನನ್ನ ಫಲಕದಲ್ಲಿ ಮಗುವಾದಳು. ಅರ್ಧ ಗಂಟೆಯಲ್ಲಿ ಹನ್ನೊಂದೂ ಮಾರಿಹೋದವು. "ಪಾಪ, ಒಳ್ಳೆ ಕೆಲಸ ಮಾಡ್ತಿದ್ದೀರಿ" ಎಂದು ನನ್ನ ಬೆನ್ನು ತಟ್ಟಿದಿರಿ. ನಾನು ಹಿಗ್ಗಿದೆ.

ಮರುದಿನದಿಂದ ತಂಗಿ ದಾರ ಮುಟ್ಟಲಿಲ್ಲ. ಒಂದು ದಿನವಲ್ಲ, ಎರಡು ತಿಂಗಳು. ಕೈ ಮಡಿಲಲ್ಲಿಟ್ಟುಕೊಂಡು ಕಿಟಕಿಯ ಹತ್ತಿರ ಕೂಡುವಳು. ದಾರದ ಬುಟ್ಟಿ ಮುಂದಿಟ್ಟರೆ ಕಾಲಿನಿಂದ ದೂಡುವಳು.

ಆ ಹೊತ್ತಿನಲ್ಲಿ ನನ್ನ ಮಗಳು ಫೋನಿನಲ್ಲಿ ಕೆಲವು ಚಿತ್ರ ತೋರಿಸಿದಳು. "ಅಮ್ಮ, ಇದು ಮೌಶಿ ಮಾಡಿದ ಹಾಗೇ ಇದೆ ನೋಡು" ಎಂದಳು. ಅವು ಜುಡಿತ್ ಸ್ಕಾಟ್ ಎಂಬ ಅಮೆರಿಕದ ಕಲಾವಿದೆಯ ಶಿಲ್ಪಗಳು.

ಜುಡಿತ್ 1943ರಲ್ಲಿ ಒಹಾಯೊ ರಾಜ್ಯದಲ್ಲಿ ಹುಟ್ಟಿದವಳು. ಅವಳಿ ಮಕ್ಕಳಲ್ಲಿ ಒಬ್ಬಳು. ಜುಡಿತ್‌ಗೆ ಡೌನ್ ಸಿಂಡ್ರೋಮ್, ಅವಳಿ ಸೋದರಿ ಜಾಯ್ಸ್‌ಗೆ ಇಲ್ಲ. ಏಳನೆಯ ವಯಸ್ಸಿಗೆ ಜುಡಿತ್‌ಳನ್ನು ಸರಕಾರಿ ಆಶ್ರಯಾಲಯಕ್ಕೆ ಸೇರಿಸಿದರು. ಅವಳಿಗೆ ಕಿವಿ ಕೇಳುವುದಿಲ್ಲ ಎಂಬುದೇ ಬಹಳ ವರ್ಷ ಯಾರಿಗೂ ತಿಳಿಯಲಿಲ್ಲ. ಸುಮಾರು 35 ವರ್ಷ ಹಾಗೆಯೇ ಕಳೆಯಿತು. ಎಂಬತ್ತರ ದಶಕದಲ್ಲಿ ಜಾಯ್ಸ್ ಕಾನೂನಿನಂತೆ ಪೋಷಕಳಾಗಿ, ಅವಳನ್ನು ಕ್ಯಾಲಿಫೋರ್ನಿಯಾಕ್ಕೆ ಕರೆತಂದಳು.

1987ರಲ್ಲಿ ಜುಡಿತ್ ಓಕ್ಲೆಂಡ್ ಊರಿನ ಕ್ರಿಯೇಟಿವ್ ಗ್ರೋತ್ ಎಂಬ ಕಲಾಕೇಂದ್ರಕ್ಕೆ ಸೇರಿದಳು. 1974ರಲ್ಲಿ ಎಲಿಯಾಸ್ ಕಾಟ್ಜ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಅವರ ಹೆಂಡತಿ, ಕಲಾವಿದೆ ಫ್ಲಾರೆನ್ಸ್ ಕಟ್ಟಿದ ಸಂಸ್ಥೆ ಅದು. ಅಲ್ಲಿ ಬೌದ್ಧಿಕ ವೈಕಲ್ಯವುಳ್ಳ ವಯಸ್ಕರು ಬಂದು ಕೆಲಸ ಮಾಡುತ್ತಾರೆ. ಸಾಮಾನು, ಜಾಗ, ಸಮಯ ಕೊಡುತ್ತಾರೆ. ಹೀಗೆ ಮಾಡು, ಹಾಗೆ ಮಾಡು ಎಂದು ಕೈ ಹಿಡಿದು ತಿದ್ದುವುದಿಲ್ಲ. ಮಾರಾಟವಾದರೆ ಕಲಾವಿದರಿಗೆ ಪಾಲು ಸಿಗುತ್ತದೆ.

ಜುಡಿತ್ ಸುಮಾರು ಎರಡು ವರ್ಷ ಅಲ್ಲಿ ಯಾವುದರಲ್ಲೂ ಆಸಕ್ತಿ ತೋರಲಿಲ್ಲ. ನಾವಾಗಿದ್ದರೆ "ಇವಳಿಂದ ಆಗುವುದಿಲ್ಲ" ಎಂದು ಎರಡನೇ ವಾರವೇ ಮನೆಗೆ ಕರೆತರುತ್ತಿದ್ದೆವು. ಅವರು ಕಾದರು. ಒಂದು ದಿನ ನೂಲಿನ ಕೆಲಸ ಮಾಡುವ ಕಲಾವಿದೆಯೊಬ್ಬರು ಬಂದು ತರಗತಿ ನಡೆಸಿದರು. ಜುಡಿತ್ ಕೋಲುಗಳಿಗೆ ದಾರ ಸುತ್ತತೊಡಗಿದಳು. ಮತ್ತೆ ಸಾಯುವವರೆಗೂ ನಿಲ್ಲಿಸಲಿಲ್ಲ. ಅಂಗಡಿಯ ತಳ್ಳುಗಾಡಿ, ಫ್ಯಾನು, ಏನೇ ಸಿಕ್ಕರೂ ದಾರದ ಒಳಗೆ. ಒಮ್ಮೆ ದಾರ ಸಿಗದಾಗ ಕೈ ಒರೆಸುವ ಕಾಗದವನ್ನೇ ಹೊಸೆದು ಗಂಟು ಹಾಕಿ ಇಡೀ ಶಿಲ್ಪ ಮಾಡಿದಳು. 2005ರಲ್ಲಿ ತೀರಿಕೊಳ್ಳುವಷ್ಟರಲ್ಲಿ ಸುಮಾರು ಇನ್ನೂರು ಕೃತಿಗಳಾಗಿದ್ದವು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಅವಳ ಕೃತಿ ಇದೆ. 2014ರಲ್ಲಿ ಬ್ರೂಕ್ಲಿನ್ ಮ್ಯೂಸಿಯಂ ಅವಳ ದೊಡ್ಡ ಪ್ರದರ್ಶನ ಮಾಡಿತು.

ಇನ್ನೊಬ್ಬರು ನೆನಾ ಕಾಲು. 1966ರಲ್ಲಿ ಗ್ಲಾಸ್ಗೊದಲ್ಲಿ ಹುಟ್ಟಿದವರು, ಲಂಡನ್ನಿನಲ್ಲಿ ಕೆಲಸ ಮಾಡುವವರು. ಆಟಿಸಂ ಇದೆ, ಮಾತು ಬಹಳ ಕಡಿಮೆ. ಹಳೆಯ ವಿಡಿಯೊ ಟೇಪು, ಬಟ್ಟೆ, ಪ್ಲಾಸ್ಟಿಕ್ಕು ಸುತ್ತಿ ಸುತ್ತಿ ದೊಡ್ಡ ತೂಗು ಶಿಲ್ಪ ಮಾಡುತ್ತಾರೆ. ಸುಳಿಯಂಥ ಚಿತ್ರಗಳನ್ನು ಜೋಡಿ ಜೋಡಿಯಾಗಿ ಬಿಡಿಸುತ್ತಾರೆ. 2025ರ ಡಿಸೆಂಬರಿನಲ್ಲಿ ಬ್ರಿಟನ್ನಿನ ಹೆಸರಾಂತ ಟರ್ನರ್ ಪ್ರಶಸ್ತಿ ಅವರಿಗೆ ಬಂತು. ಕಲಿಕೆಯ ವೈಕಲ್ಯವುಳ್ಳ ಕಲಾವಿದರೊಬ್ಬರಿಗೆ ಅದು ಸಂದದ್ದು ಅದೇ ಮೊದಲು. ಅದು "ವಿಶೇಷ ಚೇತನರ ವಿಭಾಗ"ದ ಬಹುಮಾನವಲ್ಲ. ಎಲ್ಲ ಕಲಾವಿದರ ಜೊತೆ ನಿಂತು ಪಡೆದದ್ದು.

ಇದನ್ನೆಲ್ಲ ತಿಳಿದ ಮೇಲೆ ನನ್ನ ಕತ್ತರಿ ನೆನಪಾಗಿ ನಿದ್ದೆ ಬರಲಿಲ್ಲ. ಜುಡಿತ್‌ಳ ಚಿತ್ರಗಳಲ್ಲೂ ದಾರಗಳು ಜೋತುಬಿದ್ದಿದ್ದವು, ಗಂಟುಗಳು ಎದ್ದು ಕಾಣುತ್ತಿದ್ದವು. ಯಾರೂ ಕತ್ತರಿಸಿರಲಿಲ್ಲ.

ತಂಗಿಯ ಹತ್ತಿರ ಕ್ಷಮೆ ಕೇಳುವುದು ಹೇಗೆ? ನಾಲ್ಕು ಮಾತಿನವಳಿಗೆ ಏನೆಂದು ಹೇಳಲಿ? ಕತ್ತರಿಯನ್ನು ಅವಳ ಕಣ್ಣೆದುರಿಗೇ ಅಟ್ಟದ ಮೇಲಿಟ್ಟೆ. ದಿನಾ ಮಧ್ಯಾಹ್ನ ದಾರದ ಬುಟ್ಟಿ ಹಿಡಿದು ಪಕ್ಕದಲ್ಲಿ ಸುಮ್ಮನೆ ಕೂತೆ. ಹದಿನೆಂಟನೇ ದಿನ ಅವಳು ನನ್ನ ಮಡಿಲಿನಿಂದ ಮನೆಯ ಕೀಲಿಕೈ ಗೊಂಚಲು ಎತ್ತಿಕೊಂಡು ಸುತ್ತತೊಡಗಿದಳು. ಬೇಡ ಎನ್ನಲು ಬಾಯಿ ಬರಲಿಲ್ಲ. ನಮ್ಮ ಯಜಮಾನರು ಹೊಸ ಕೀಲಿ ಮಾಡಿಸಿಕೊಂಡು ಬಂದರು. ಹಳೆಯದು ಇಂದಿಗೂ ಆ ಕೆಂಪು ದಾರದ ಒಳಗೇ ಇದೆ.

"ಎಲ್ಲರೂ ಜುಡಿತ್ ಆಗ್ತಾರಾ?" ಎಂದು ನೀವು ಕೇಳಬಹುದು. ಆಗುವುದಿಲ್ಲ. ನಮ್ಮ ಕಡೆ ಮನೆಮನೆಯಲ್ಲೂ ಹಾಡು ಕಲಿತೆವು, ಗಂಗೂಬಾಯಿ ಹಾನಗಲ್ ಆದವರು ಒಬ್ಬರೇ. ಹಾಗೆಂದು ಉಳಿದವರ ತಂಬೂರಿ ಯಾರೂ ಕಸಿದುಕೊಳ್ಳಲಿಲ್ಲವಲ್ಲ? ನನ್ನ ತಂಗಿ ದೊಡ್ಡ ಕಲಾವಿದೆಯೋ ಅಲ್ಲವೋ ನಾನು ಹೇಳಲಾರೆ. ಅವಳು ಮಾಡಿದ್ದು ಅವಳದು ಎಂಬುದಷ್ಟೇ ನನಗೆ ಗೊತ್ತಾಗಿದೆ.

ನಮ್ಮ ಕಾನೂನೂ ಅದನ್ನೇ ಹೇಳುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ 21 ಬಗೆಯ ವೈಕಲ್ಯಗಳಿವೆ. ಬೌದ್ಧಿಕ ವೈಕಲ್ಯ, ಆಟಿಸಂ ಎರಡೂ ಅದರಲ್ಲಿವೆ. ಅದರ 29ನೇ ಸೆಕ್ಷನ್ ಸಾಂಸ್ಕೃತಿಕ ಬದುಕಿನ ಹಕ್ಕಿನ ಬಗ್ಗೆ. 13ನೇ ಸೆಕ್ಷನ್ ಪ್ರಕಾರ ಆಸ್ತಿ, ಹಣ ಹೊಂದುವ ಹಕ್ಕು ಅವರಿಗೂ ಎಲ್ಲರಂತೆಯೇ ಇದೆ. ಕಳೆದ ವರ್ಷದ ಮೇಳದ ಹಣವನ್ನು ನಾನು ನಮ್ಮ ವಿಭಾಗದ ನಿಧಿಗೆ ಕೊಟ್ಟೆ, ನೀವು ಚಪ್ಪಾಳೆ ತಟ್ಟಿದಿರಿ. ಅದು ನನ್ನ ಹಣವೇ ಆಗಿರಲಿಲ್ಲ. ಅಷ್ಟನ್ನೂ ನನ್ನ ಕೈಯಿಂದ ಈಗ ಅವಳ ಖಾತೆಗೆ ಹಾಕಿದ್ದೇನೆ.

ಈಗ ನನ್ನ ಎರಡು ಬೇಡಿಕೆ.

ಒಂದು, ಈ ವರ್ಷದ ಪ್ರದರ್ಶನದಲ್ಲಿ ತಂಗಿಯ ಐದು ಕೃತಿಗಳಿಗೆ ಉಳಿದವರ ಸಾಲಿನಲ್ಲೇ ಜಾಗ ಕೊಡಿ. ಬೇರೆ ಫಲಕ ಬೇಡ. ಚೀಟಿಯಲ್ಲಿ ಅವಳ ಹೆಸರು, ವರ್ಷ, ಬಳಸಿದ ಸಾಮಾನು ಇರಲಿ, ಸಾಕು. ಯಾವುದನ್ನು ಕೊಡಬೇಕೆಂದು ಅವಳೇ ಆರಿಸುತ್ತಾಳೆ. ಕೊಡಲು ಮನಸ್ಸಿಲ್ಲದ್ದನ್ನು ಎದೆಗೆ ಅವಚಿಕೊಳ್ಳುತ್ತಾಳೆ. ಕೀಲಿಕೈಯದ್ದನ್ನು ಖಂಡಿತ ಕೊಡುವುದಿಲ್ಲ, ಯಾರೂ ಕೇಳಬೇಡಿ.

ಎರಡು, ಬುಧವಾರ ಮಧ್ಯಾಹ್ನ ನಮ್ಮ ಈ ಸಭಾಗೃಹ ಖಾಲಿ ಇರುತ್ತದೆ. ಒಂದು ಮೇಜು, ಒಂದಿಷ್ಟು ದಾರ, ಬಣ್ಣ, ಜೇಡಿಮಣ್ಣು ಇಡೋಣ. ನಿಮ್ಮ ಮನೆಯ ಒಳಕೋಣೆಯಲ್ಲಿ ಮಗನೋ, ನಾದಿನಿಯೋ, ತಮ್ಮನೋ ಇದ್ದರೆ ಕರೆದುಕೊಂಡು ಬನ್ನಿ. ಅವರಿಗೆ ಕಲಿಸುವವರು ಬೇಡ. ಸುಮ್ಮನೆ ಪಕ್ಕದಲ್ಲಿ ಕೂಡಬಲ್ಲವರು ಇಬ್ಬರು ಬೇಕು. ಒಬ್ಬಳು ನಾನು. ಇನ್ನೊಬ್ಬರು ಯಾರು ಎಂದು ಚಹಾದ ಹೊತ್ತಿಗೆ ನನಗೆ ಹೇಳಿ.

ತಂಗಿ ಇವತ್ತು ನನ್ನ ಜೊತೆ ಬಂದಿದ್ದಾಳೆ, ಮೊದಲ ಸಾಲಿನಲ್ಲೇ ಕೂತಿದ್ದಾಳೆ. ಒಳಗೆ ಕರೆದುಕೊಂಡು ಹೋಗಲಿಲ್ಲ.