ಬೇಸಿಗೆಯ ರಂಗಶಿಬಿರ ಮತ್ತು ಭಾಸನ ನಾಟಕ
(ಡಫಳಾಪುರದಲ್ಲಿ ಕನ್ನಡ ಮಾಧ್ಯಮ ಶಿಕ್ಷಕರ ಮುಂದೆ ಮಾಡಿದ ಭಾಷಣ)



ಸಾಂಗಲಿ ಜಿಲ್ಲೆಯಲ್ಲಿ ನಿಂತು ನಾಟಕದ ಮಾತನ್ನಾಡುವವರು ಕರ್ಕಿಯನ್ನು ನೆನೆಯದೆ ಮುಂದುವರಿಯಲಾಗದು. ಉತ್ತರ ಕನ್ನಡದ ಹೊನ್ನಾವರದ ಬಳಿಯ ಆ ಊರಿನ ಭಾಗವತರ ಮೇಳವು 1842ರ ಸುಮಾರಿಗೆ ಸಾಂಗಲಿಗೆ ಬಂದು ಆಡಿದ ಆಟಗಳನ್ನು ಸಂಸ್ಥಾನಾಧಿಪತಿ ಚಿಂತಾಮಣರಾವ್ ಪಟವರ್ಧನರು ಕಂಡರು. ಅಂಥದನ್ನು ಮರಾಠಿಯಲ್ಲಿ ರಚಿಸಬೇಕೆಂದು ವಿಷ್ಣುದಾಸ ಭಾವೆಯವರಿಗೆ ಸೂಚಿಸಿದರು. 1843ರ ‘ಸೀತಾಸ್ವಯಂವರ’ ಹುಟ್ಟಿದ್ದು ಹೀಗೆ. ನವೆಂಬರ್ 5 ಮರಾಠಿ ರಂಗಭೂಮಿ ದಿನವಾದದ್ದೂ ಅದರಿಂದಲೇ. ಮನೆಯಲ್ಲಿ ಕನ್ನಡವನ್ನೂ ಸಂತೆಯಲ್ಲಿ ಮರಾಠಿಯನ್ನೂ ಆಡುವ ಜತ್ತ ತಾಲೂಕಿನ ಮಕ್ಕಳಿಗೆ ಈ ಸಂಗತಿಯನ್ನು ಶಿಬಿರದ ಮೊದಲ ದಿನವೇ ಹೇಳಿರಿ.

ಬೇಸಿಗೆ ಶಿಬಿರವೆಂದೊಡನೆ ಮೈಸೂರಿನ ರಂಗಾಯಣದ ಚಿಣ್ಣರ ಮೇಳ ಕಣ್ಣ ಮುಂದೆ ಬರುತ್ತದೆ. ಅಂಥ ಅನುಕೂಲ ನಮ್ಮಲ್ಲಿಲ್ಲ. ಒಂದು ಬೇವಿನ ಮರದ ನೆರಳು, ಬೆಳಗಿನ 7ರಿಂದ 10ರವರೆಗಿನ ತಂಪು, ಒಂದು ಒಳ್ಳೆಯ ಕೃತಿ, ಇಷ್ಟಿದ್ದರೆ ಸಾಕು. ನಾವು ಸೋಲುವುದು ಕೃತಿಯ ಆಯ್ಕೆಯಲ್ಲಿ. ಸ್ನೇಹಸಮ್ಮೇಳನಕ್ಕೆಂದೇ ಹೊಸೆದ, ನೀತಿವಾಕ್ಯಗಳನ್ನು ಉರುಹೊಡೆಸುವ ಕಿರುನಾಟಕಗಳು ಮಕ್ಕಳ ಬುದ್ಧಿಗೆ ಮಾಡುವ ಅವಮಾನವೆಂದೇ ನನ್ನ ಭಾವನೆ. ಚಿಕ್ಕವರಿಗೆ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಇದೆ. ಆರು, ಏಳನೆಯ ತರಗತಿಯವರಿಗೆ ಭಾಸನ ‘ಮಧ್ಯಮವ್ಯಾಯೋಗ’ವನ್ನು ಧೈರ್ಯವಾಗಿ ಕೊಡಬಹುದು.

ಅದು ಒಂದೇ ಅಂಕದ ನಾಟಕ. ಅಡವಿಯಲ್ಲಿ ಸಾಗುವ ಬ್ರಾಹ್ಮಣ ಕುಟುಂಬವನ್ನು ಘಟೋತ್ಕಚ ತಡೆಯುತ್ತಾನೆ. ತಾಯಿ ಹಿಡಿಂಬೆಯ ವ್ರತದ ಪಾರಣೆಗೆ ಅವನಿಗೊಬ್ಬ ಮನುಷ್ಯ ಬೇಕು. ಮೂವರು ಮಕ್ಕಳೂ ತಾವೇ ಹೋಗುವೆವೆನ್ನುತ್ತಾರೆ. ತಂದೆ ಹಿರಿಯನನ್ನು ಬಿಡಲಾರ, ತಾಯಿ ಕಿರಿಯನನ್ನು ಬಿಡಲಾರಳು. ನಡುವಿನವನು ಉಳಿಯುತ್ತಾನೆ. ನೀರು ಕುಡಿಯಲು ಹೋದ ಅವನು ತಡಮಾಡಿದಾಗ ಘಟೋತ್ಕಚ ‘ಮಧ್ಯಮ’ ಎಂದು ಕೂಗುತ್ತಾನೆ. ಪಾಂಡವರಲ್ಲಿ ನಡುವಿನವನಾದ ಭೀಮನೇ ಬಂದು ನಿಲ್ಲುತ್ತಾನೆ. ತಂದೆಮಕ್ಕಳು ಕಾದಾಡುತ್ತಾರೆ, ಕೊನೆಗೆ ಹಿಡಿಂಬೆ ಪತಿಯನ್ನು ಗುರುತಿಸುತ್ತಾಳೆ.

ನಡುವಿನವನು ತಾನು ಯಾರಿಗೆ ಪ್ರಿಯನೆಂದು ಕೇಳುವ ಕ್ಷಣದಲ್ಲಿ ತಾಲೀಮನ್ನು ನಿಲ್ಲಿಸಿರಿ. ಕಬ್ಬಿನ ಕಟಾವಿಗೆ ಹೋಗುವ ತಂದೆತಾಯಿಗಳು ಎಳೆಯದನ್ನು ಕಂಕುಳಲ್ಲಿ ಎತ್ತಿಕೊಂಡು, ಕೆಲಸಕ್ಕೆ ಬರುವ ದೊಡ್ಡದನ್ನು ಕರೆದುಕೊಂಡು ನಡೆದಾಗ ಅಜ್ಜಿಯ ಬಳಿ ಉಳಿಯುವ ಮಗು ನಿಮ್ಮ ತರಗತಿಯಲ್ಲಿಯೂ ಇದ್ದೀತು. ಅದಕ್ಕೆ ಈ ಮಾತಿನ ಅರ್ಥವನ್ನು ವಿವರಿಸಬೇಕಾಗಿಲ್ಲ. ಆದರೆ ಆ ಮಗುವಿಗೇ ಆ ಪಾತ್ರವನ್ನು ಬಲವಂತವಾಗಿ ಕೊಡಬೇಡಿರಿ. ಅದಾಗಿಯೇ ಬೇಡಿದರೆ ಕೊಡಿರಿ. ನಮ್ಮ ಮಕ್ಕಳು ಭೀಮನ ಗದೆಗಾಗಿ ಮೊದಲು ಜಗಳವಾಡುತ್ತಾರೆ, ಅದು ಬೇರೆ ಮಾತು!

ಭಾಷೆಯ ಪ್ರಶ್ನೆ ದೊಡ್ಡದು. ಅನುವಾದದ ಗ್ರಾಂಥಿಕ ವಾಕ್ಯವನ್ನು ಮೊದಲ ದಿನವೇ ಬಾಯಿಪಾಠ ಮಾಡಿಸಿದರೆ ಮಗು ಅಕ್ಷರವನ್ನು ಒಪ್ಪಿಸುತ್ತದೆ, ಮಾತಾಡುವುದಿಲ್ಲ. ಕಥೆಯನ್ನು ಹೇಳಿ, ಪುಸ್ತಕವನ್ನು ಮುಚ್ಚಿಡಿರಿ. ಘಟೋತ್ಕಚನಾದವನು ‘ಎಷ್ಟೊತ್ತೋ, ಲಗೂನ ಬಾ’ ಎಂದು ಕೂಗಲಿ. ನಡುವೆ ಒಂದು ಮರಾಠಿ ಶಬ್ದ ನುಸುಳಿದರೂ ತಡೆಯಬೇಡಿರಿ. ನಾಲ್ಕೈದು ದಿನಗಳ ನಂತರ ಗ್ರಂಥದ ವಾಕ್ಯವನ್ನು ಅದರ ಪಕ್ಕದಲ್ಲಿಟ್ಟು, ಎರಡರಲ್ಲಿ ಯಾವುದು ಎಲ್ಲಿ ಹೊಂದುತ್ತದೆಂದು ಮಕ್ಕಳನ್ನೇ ಕೇಳಿರಿ. ರಾಕ್ಷಸನ ಬಾಯಲ್ಲಿ ಆಡುಮಾತು, ವೃದ್ಧ ಬ್ರಾಹ್ಮಣನ ಬಾಯಲ್ಲಿ ಗ್ರಾಂಥಿಕವೆಂದು ಅವರು ತೀರ್ಮಾನಿಸಿದರೆ ಹಾಗೆಯೇ ಆಡಿಸಿರಿ. ಸಂಸ್ಕೃತ ನಾಟಕಗಳಲ್ಲಿಯೂ ಪಾತ್ರಕ್ಕೆ ತಕ್ಕಂತೆ ಸಂಸ್ಕೃತ, ಪ್ರಾಕೃತಗಳೆಂಬ ಭೇದವಿತ್ತಷ್ಟೆ.

ಪ್ರದರ್ಶನವು ಮೇ ತಿಂಗಳ ಸಂಜೆ, ಶಾಲೆಯ ಅಂಗಳದಲ್ಲಿರಲಿ. ಕಟಾವಿಗೆ ಹೋದವರು ಅಷ್ಟರಲ್ಲಿ ಮರಳಿರುತ್ತಾರೆ. ವೇಷಕ್ಕೆ ಮನೆಯ ಪಂಚೆ, ಸೀರೆ, ಕಂಬಳಿ ಸಾಕು. ಧ್ವನಿವರ್ಧಕ ಬೇಡ. ಅದಕ್ಕಾಗಿ ಮೊದಲ ವಾರದಿಂದಲೇ ಮಕ್ಕಳನ್ನು ಅಂಗಳದ ಎರಡು ತುದಿಗಳಲ್ಲಿ ನಿಲ್ಲಿಸಿ ಮಾತಾಡಿಸಿರಿ.