ರೂಟ್ ಫ್ರೀ, ನೀರು ಫ್ರೀ ಅಲ್ಲ: ಬಾಹಾ ಮರುಭೂಮಿಯ 2,700 ಕಿ.ಮೀ. ಸೈಕಲ್ ದಾರಿ

ಇವತ್ತಿನ ವಿಷಯ ಗ್ರಾವೆಲ್ ಸೈಕ್ಲಿಂಗ್. ಅಂದ್ರೆ ಡಾಂಬರು ಬಿಟ್ಟು ಜಲ್ಲಿ, ಮಣ್ಣು, ಮರಳಿನ ದಾರಿಯಲ್ಲಿ ದಿನಗಟ್ಟಲೆ ಸೈಕಲ್ ತುಳಿಯೋದು.

ಈ ಬಗ್ಗೆ ನನಗೆ ಬರೋ ಮೆಸೇಜ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ. ಯಾವ ಸೈಕಲ್ ತಗೊಳ್ಳಲಿ? ಕಾರ್ಬನ್ನಾ, ಅಲ್ಯೂಮಿನಿಯಮ್ಮಾ? ಅರ್ಧ ಕೆ.ಜಿ. ಹಗುರ ಇರೋ ಫ್ರೇಮಿಗೆ ಇನ್ನೂ 50 ಸಾವಿರ ಹಾಕ್ಬಹುದಾ? ಉತ್ತರ ಕೊಡ್ತೀನಿ. ಆದರೆ ಸ್ವಲ್ಪ ಸುತ್ತು ಹಾಕಿಕೊಂಡು, ಮೆಕ್ಸಿಕೋ ಮೇಲಿಂದ ಬರೋಣ. ನಾನು ಅಲ್ಲಿಗೆ ಹೋದವನಲ್ಲ, ಮೊದಲೇ ಹೇಳ್ಬಿಡ್ತೀನಿ. ಬಿ.ಕಾಂ. ಓದಿದವನಿಗೆ ಒಂದು ಲೆಕ್ಕ ಕಂಡ್ರೆ ಬಿಡೋಕಾಗಲ್ಲ, ಅಷ್ಟೇ.

ಫೋನಲ್ಲಿ ಮ್ಯಾಪ್ ತೆಗೀರಿ. ಅಮೆರಿಕದ ಸ್ಯಾನ್ ಡಿಯಾಗೋ ಹುಡುಕಿ. ಅದರ ಕೆಳಗೆ ಬೆರಳಿನ ಹಾಗೆ ತೆಳ್ಳಗೆ ಒಂದು ನೆಲ ಚಾಚಿಕೊಂಡಿದೆ ನೋಡಿ. ಅದು ಬಾಹಾ ಕ್ಯಾಲಿಫೋರ್ನಿಯಾ ಪರ್ಯಾಯ ದ್ವೀಪ. ಎಡಕ್ಕೆ ಪೆಸಿಫಿಕ್ ಸಾಗರ, ಬಲಕ್ಕೆ ಕೋರ್ಟೆಸ್ ಸಮುದ್ರ, ನಡುವೆ ಬೆಟ್ಟ ಮತ್ತು ಮರುಭೂಮಿ. ಈ ನೆಲದ ಉದ್ದಕ್ಕೂ ಒಂದು ಸೈಕಲ್ ದಾರಿ ಇದೆ. ಹೆಸರು ಬಾಹಾ ಡಿವೈಡ್. ಸ್ಯಾನ್ ಡಿಯಾಗೋದಿಂದ ತುದಿಯ ಸಾನ್ ಹೊಸೆ ದೆಲ್ ಕಾಬೊ ತನಕ, ಸುಮಾರು 2,700 ಕಿ.ಮೀ. ಬೆಂಗಳೂರಿಂದ ದೆಹಲಿಗಿಂತ ದೂರ. ಅದರಲ್ಲಿ ಶೇ. 95ರಷ್ಟು ಡಾಂಬರು ಕಾಣದ ದಾರಿ. ಹತ್ತಿದ ಏರುಗಳನ್ನೆಲ್ಲ ಕೂಡಿಸಿದ್ರೆ ಸುಮಾರು 28,000 ಮೀಟರ್, ಅಂದ್ರೆ ಮೂರು ಎವರೆಸ್ಟ್‌ಗಿಂತ ಜಾಸ್ತಿ.

ಇದನ್ನ ಸರ್ಕಾರ ಮಾಡಿದ್ದಲ್ಲ. ನಿಕೋಲಸ್ ಕಾರ್ಮನ್ ಮತ್ತು ಲೇಲ್ ವಿಲ್ಕಾಕ್ಸ್ ಅನ್ನೋ ಇಬ್ಬರು ಸೈಕಲ್ ಸವಾರರು ಹಳೇ ಹಳ್ಳಿ ರಸ್ತೆ, ಜೀಪ್ ದಾರಿಗಳನ್ನೆಲ್ಲ ಓಡಾಡಿ ಜೋಡಿಸಿದ್ದು. 2017ರ ಜನವರಿ 2ರಂದು ಸುಮಾರು ನೂರು ಜನ ಸ್ಯಾನ್ ಡಿಯಾಗೋದಿಂದ ಒಟ್ಟಿಗೆ ಹೊರಟರು. ಲೇಲ್ ಹೆಸರು ಕೇಳಿರಬಹುದು, 2024ರಲ್ಲಿ 108 ದಿನ ಚಿಲ್ಲರೆಯಲ್ಲಿ ಸೈಕಲ್ ಮೇಲೆ ಭೂಮಿ ಸುತ್ತಿ ಮಹಿಳೆಯರ ದಾಖಲೆ ಮಾಡಿದವರು ಅವರೇ. ರೂಟ್ ಫೈಲನ್ನ ಇಬ್ಬರೂ ಉಚಿತವಾಗಿ ಕೊಟ್ಟರು. ಡೌನ್‌ಲೋಡ್ ಮಾಡ್ಕೊಂಡ್ರೆ ಆಯ್ತು.

ಈಗ ಒಂದು ಪ್ರಶ್ನೆ. ಆ ಪರ್ಯಾಯ ದ್ವೀಪದ ಉದ್ದ ಸುಮಾರು 1,200 ಕಿ.ಮೀ. ದಾರಿ ಯಾಕೆ 2,700?

ಮ್ಯಾಪಲ್ಲಿ ಆ ಗೆರೆ ನೋಡಿದ್ರೆ ಹಾವು ಹರಿದ ಹಾಗಿದೆ. ಈ ಸಮುದ್ರದಿಂದ ಆ ಸಮುದ್ರಕ್ಕೆ, ಮತ್ತೆ ಬೆಟ್ಟಕ್ಕೆ, ಮತ್ತೆ ಕಡಲಿಗೆ. ಚೆಂದದ ಜಾಗ ತೋರಿಸೋದು ಒಂದು ಕಾರಣ. ನೀರೂ ಲೆಕ್ಕಕ್ಕೆ ಬರುತ್ತೆ. ಮರುಭೂಮಿಯಲ್ಲಿ ಮೊದಲು ನೀರಿನ ಚುಕ್ಕೆ ಇಡ್ತಾರೆ. ಗೆರೆ ಆಮೇಲೆ.

ಆ ಚುಕ್ಕೆಗಳು ಹೊಸವೂ ಅಲ್ಲ. ಜೆಸುಯಿಟ್ ಪಾದ್ರಿಗಳು 1697ರಲ್ಲಿ ಲೊರೆಟೊದಲ್ಲಿ ಮೊದಲ ಶಾಶ್ವತ ಮಿಷನ್ ಕಟ್ಟಿದ್ರು. ಆಮೇಲೆ ಸಾನ್ ಹವಿಯೆರ್, ಮುಲೆಹೆ, 1728ರಲ್ಲಿ ಸಾನ್ ಇಗ್ನಾಸಿಯೊ. ಎಲ್ಲ ನೀರಿನ ಪಕ್ಕದಲ್ಲೇ. ಸಾನ್ ಇಗ್ನಾಸಿಯೊದಲ್ಲಿ ಇವತ್ತಿಗೂ ಒರತೆ ನೀರಿನ ಸುತ್ತ ಸಾವಿರಾರು ಖರ್ಜೂರದ ಮರ ಇವೆ. ದಿನವಿಡೀ ಕಳ್ಳಿ, ಕಲ್ಲು ನೋಡಿ ಬಂದವರಿಗೆ ಅದು ಹಸಿರು ಗೋಡೆ. ಪಾದ್ರಿಗಳಿಗಿಂತ ಮುಂಚೆ ಆ ನೀರು ಗೊತ್ತಿದ್ದದ್ದು ಕೊಚಿಮಿ ಜನರಿಗೆ. ಹೊರಗಿಂದ ಬಂದ ರೋಗಗಳಿಗೆ ಆ ಸಮುದಾಯ ಬಹುಪಾಲು ಅಳಿದೇ ಹೋಯ್ತು. ಒರತೆ ಉಳೀತು. ಇವತ್ತು ಸೈಕಲ್‌ನವರು ಬಾಟಲಿ ತುಂಬಿಸ್ಕೊಳ್ಳೋದು ಆ ಇತಿಹಾಸದ ಮೇಲೆ ನಿಂತು.

ಈಗ ಲೆಕ್ಕಕ್ಕೆ ಬರೋಣ. ಇದು ಉದಾಹರಣೆಗೆ ನಾನು ಹಾಕಿದ ಲೆಕ್ಕ. ನಿಮ್ಮ ಮುಂದೆ ನೀರಿಲ್ಲದ 120 ಕಿ.ಮೀ. ಇದೆ ಅಂದ್ಕೊಳ್ಳಿ. ಮರಳು, ಕಲ್ಲು, ಏರು. ಗಂಟೆಗೆ 10 ಕಿ.ಮೀ. ಹೋದ್ರೆ 12 ಗಂಟೆ ತುಳಿಯೋದು, ಅಂದ್ರೆ ಎರಡು ದಿನ, ನಡುವೆ ಒಂದು ರಾತ್ರಿ. ಗಂಟೆಗೆ ಮುಕ್ಕಾಲು ಲೀಟರ್ ಕುಡಿದ್ರೂ 9 ಲೀಟರ್ ಆಯ್ತು. ರಾತ್ರಿ ಅಡುಗೆಗೆ, ಬೆಳಗ್ಗೆ ಕಾಫಿಗೆ 2 ಲೀಟರ್. ಪಂಕ್ಚರ್ ಆಗಿ ಅರ್ಧ ದಿನ ಹೋದ್ರೆ ಇರಲಿ ಅಂತ ಇನ್ನೆರಡು. ಒಟ್ಟು 13 ಲೀಟರ್, ಅಂದ್ರೆ 13 ಕೆ.ಜಿ. ಸೈಕಲ್ ತೂಕವೇ ಹೆಚ್ಚುಕಡಿಮೆ ಅಷ್ಟಿರುತ್ತೆ. ಸೈಕಲ್ ಮೇಲೆ ಇನ್ನೊಂದು ಸೈಕಲ್ ಹೊತ್ತ ಹಾಗೆ.

ಇಲ್ಲೊಂದು ಚಕ್ರಬಡ್ಡಿ ಇದೆ. ತೂಕ ಹೆಚ್ಚಾದ್ರೆ ಮರಳಲ್ಲಿ ನಿಧಾನ. ನಿಧಾನ ಆದ್ರೆ ಬಿಸಿಲಲ್ಲಿ ಜಾಸ್ತಿ ಗಂಟೆ. ಜಾಸ್ತಿ ಗಂಟೆಗೆ ಜಾಸ್ತಿ ನೀರು. ಈ ಸಾಲ ಬೆಳೀತಾ ಹೋಗುತ್ತೆ, ಅದನ್ನ ತೀರಿಸೋದು ದೇಹ.

ಈಗ ಹೇಳಿ, ಅರ್ಧ ಕೆ.ಜಿ. ಹಗುರ ಫ್ರೇಮ್ ಅಂದ್ರೆ ಎಷ್ಟು? ಅರ್ಧ ಲೀಟರ್ ನೀರು. ಮೊದಲ ಗಂಟೆಯಲ್ಲೇ ಕುಡಿದು ಮುಗಿಸ್ತೀರಿ. 50 ಸಾವಿರ ಅದಕ್ಕಲ್ಲ. ಹಾಕೋದಾದ್ರೆ ಟೈರಿಗೆ, ನೀರಿನ ಬ್ಯಾಗಿಗೆ ಹಾಕಿ. ಮಾಮೂಲಿ ಗ್ರಾವೆಲ್ ಸೈಕಲ್ ಟೈರ್ 40-45 ಮಿ.ಮೀ. ಅಗಲ ಇರುತ್ತೆ. ಬಾಹಾ ಡಿವೈಡ್‌ಗೆ ಹೇಳೋದು 3 ಇಂಚು, ಅಂದ್ರೆ 76 ಮಿ.ಮೀ. ಅಗಲದ ಟೈರಲ್ಲಿ ಗಾಳಿ ಕಡಿಮೆ ಇಟ್ರೆ ಭಾರ ಹರಡಿಕೊಳ್ಳುತ್ತೆ, ಮರಳಲ್ಲಿ ಹೂತುಹೋಗಲ್ಲ. ಮುಳ್ಳು ಎಲ್ಲೆಲ್ಲೂ ಇರೋದ್ರಿಂದ ಟ್ಯೂಬ್‌ಲೆಸ್ ಟೈರ್, ಒಳಗೆ ಸೀಲಂಟ್ ದ್ರವ. ಕಾರು, ಟ್ರಕ್ಕುಗಳು ವೇಗವಾಗಿ ಓಡಿ ಓಡಿ ರಸ್ತೆ ಬಟ್ಟೆ ಒಗೆಯೋ ಹಲಗೆ ಥರ ಗೀರು ಗೀರಾಗಿರುತ್ತೆ, ಅಲ್ಲಿ ಕೈ, ಬೆನ್ನು ಉಳಿಸೋದೂ ಇದೇ ಟೈರ್.

ಕಡಲ ಪಕ್ಕ ಹೋದ್ರೆ ಆರಾಮ ಅಂದ್ಕೋಬೇಡಿ. ಪೆಸಿಫಿಕ್ ಬದಿಯಲ್ಲಿ ತಣ್ಣನೆ ಪ್ರವಾಹ ಹರಿಯುತ್ತೆ, ಬೆಳಗ್ಗೆ ಮಂಜು ಮುಸುಕಿರುತ್ತೆ. ಸಿರಿಯೊ ಅಂತ ಒಂದು ಗಿಡ ಇದೆ, ತಲೆಕೆಳಗಾಗಿ ನೆಟ್ಟ ಮೂಲಂಗಿ ಥರ. ಮಂಜಿನ ತೇವದಲ್ಲೇ ಬದುಕೋ ಪುಟ್ಟ ಗಿಡಗಳು ಅದಕ್ಕೆ ಅಂಟಿಕೊಂಡಿರ್ತವೆ. ಚಳಿಗಾಲದಲ್ಲಿ ಸಾನ್ ಇಗ್ನಾಸಿಯೊ ಲಗೂನಿಗೆ ಬೂದು ತಿಮಿಂಗಿಲಗಳು ಮರಿ ಹಾಕೋಕೆ ಬರ್ತವೆ. ಸವಾರರಿಗೂ ಅದೇ ಸೀಸನ್, ಬೇಸಿಗೆಯಲ್ಲಿ ಸಾಮಾನ್ಯವಾಗಿ ಹೋಗಲ್ಲ. ಎಲ್ಲ ಚೆಂದ. ಆದರೆ ಆ ತಂಪು ಮೋಸ ಮಾಡುತ್ತೆ. ಬೆವರು ಗಾಳಿಗೆ ಒಣಗಿಬಿಡುತ್ತೆ, ನೀರು ಹೋಗಿದ್ದೇ ಗೊತ್ತಾಗಲ್ಲ. ಸುತ್ತ ಇಡೀ ಸಾಗರ, ಕುಡಿಯೋಕೆ ಒಂದು ಗುಟುಕಿಲ್ಲ. ಮಳೆ ಬಿದ್ರೆ ಗಟ್ಟಿಯಾಗಿದ್ದ ಉಪ್ಪು ನೆಲ ಅಂಟು ಕೆಸರಾಗುತ್ತೆ, ಚಕ್ರ ತಿರುಗಲ್ಲ.

ಹಾಗಾಗಿ ಒಂದು ನಿಯಮ ಹೇಳ್ತೀನಿ, ಬರೆದಿಟ್ಕೊಳ್ಳಿ. ಅರ್ಧ ನೀರು ಖಾಲಿ ಆದಾಗ ಅರ್ಧ ದಾರಿ ದಾಟಿರಬೇಕು. ದಾಟಿಲ್ಲ ಅಂದ್ರೆ ವಾಪಸ್. ಬಂದ ದಾರಿಗೆ ಎಷ್ಟು ಬೇಕು ಅಂತ ಗೊತ್ತು, ಮುಂದಿನ ದಾರಿಗೆ ಎಷ್ಟು ಅಂತ ಗೊತ್ತಿಲ್ಲ. ಈ ತೀರ್ಮಾನ ಮನೆಯಲ್ಲೇ ಮಾಡಿಕೊಂಡು ಹೊರಡಿ. ಬಾಯಾರಿ ತಲೆ ಸುತ್ತುವಾಗ ಮಾಡಿದ ತೀರ್ಮಾನ ನಂಬೋಕಾಗಲ್ಲ. ಜೊತೆಗಾರರು ಅಸಂಬದ್ಧ ಮಾತಾಡೋಕೆ ಶುರು ಮಾಡಿದ್ರೆ ಅದು ಸುಸ್ತಲ್ಲ, ಉಷ್ಣಾಘಾತ ಇರಬಹುದು. ನೆರಳಿಗೆ ತನ್ನಿ, ಮೈ ಒದ್ದೆ ಮಾಡಿ, ಗಾಳಿ ಬೀಸಿ, ಸಹಾಯಕ್ಕೆ ಕರೀರಿ.

ಈಗ ನನಗೆ ಮುಖ್ಯ ಅನ್ನಿಸಿದ ಮಾತು. ರೂಟ್ ಫೈಲ್ ಫ್ರೀ. ನೀರು?

ಆ ದಾರಿಯಲ್ಲಿ ರಾಂಚೊಗಳು ಸಿಗ್ತವೆ. ಒಂದು ಮನೆ, ಒಂದಷ್ಟು ಮೇಕೆ, ದನ, ಒಂದು ಬಾವಿಯೋ ಡ್ರಮ್ಮೋ. 1973ರಲ್ಲಿ ಡಾಂಬರು ಹೆದ್ದಾರಿ ಪೂರ್ತಿಯಾದ ಮೇಲೆ ವಾಹನಗಳೆಲ್ಲ ಆ ಕಡೆ ಹೋದವು, ಈ ಮನೆಗಳು ಹಳೇ ಮಣ್ಣಿನ ದಾರಿಯಲ್ಲೇ ಉಳಿದವು. ಅಲ್ಲಿ ನೀರು ಕೇಳಿದ್ರೆ ಸಾಮಾನ್ಯವಾಗಿ ಇಲ್ಲ ಅನ್ನಲ್ಲ. ನಮ್ಮ ಹಳ್ಳಿಗಳಲ್ಲೂ ಬಾಗಿಲಿಗೆ ಬಂದವರಿಗೆ ನೀರಿಲ್ಲ ಅನ್ನಲ್ಲವಲ್ಲ, ಹಾಗೆ. ಆದರೆ ಬಂದವರು ಒಬ್ಬರಲ್ಲ, ಹತ್ತು ಜನ, ಒಬ್ಬೊಬ್ಬರಿಗೆ 10 ಲೀಟರ್ ಅಂದ್ರೆ 100 ಲೀಟರ್. ಅದು ಮನೆಯವರ, ಮೇಕೆಗಳ ನೀರು. ಟ್ಯಾಂಕರ್ ನೀರಿಗೆ ಕಾದು ಬಿಂದಿಗೆ ಹಿಡಿದವರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ.

ಹಾಗಂತ ಹೋಗ್ಬೇಡಿ ಅಂತಲ್ಲ. ಅಂಗಡಿ ಇರೋ ಊರಲ್ಲಿ ಪೂರ್ತಿ ತುಂಬಿಸ್ಕೊಂಡು ಹೊರಡಿ. ಮನೆಯಲ್ಲಿ ಕೇಳೋದು ಕೊರತೆ ಬಿದ್ದಷ್ಟು ಮಾತ್ರ. ಊಟ ಮಾರ್ತಾರಾ ಕೇಳಿ, ಅಲ್ಲೇ ತಿನ್ನಿ, ದುಡ್ಡು ಕೊಡಿ. ಸೈಕಲ್ ತೊಳೆಯೋಕೆ ಅವರ ನೀರು ಮುಟ್ಟಬೇಡಿ. ಗೇಟು ತೆಗೆದ್ರೆ ಹಾಕಿ ಹೋಗಿ, ದನ ಆಚೆ ಹೋಗದ ಹಾಗೆ. ದಾರಿ ಉಳಿಯೋದು ಆ ಮನೆಗಳು ಮುಂದಿನವರಿಗೂ ಬಾಗಿಲು ತೆಗೆದ್ರೆ ಮಾತ್ರ.

ಮೆಕ್ಸಿಕೋ ದೂರದ ಮಾತು, ಗೊತ್ತು. ಆದರೆ ನಿಮ್ಮಲ್ಲಿ ಎಷ್ಟೋ ಜನ ಚಳ್ಳಕೆರೆ, ಮೊಳಕಾಲ್ಮೂರು ಕಡೆ ಒಣ ಮಣ್ಣಿನ ದಾರಿ ಹಿಡೀತೀರಿ. ಒಂದು ಪರೀಕ್ಷೆ ಮಾಡಿ. ಹೊರಡೋ ಮುಂಚೆ ತೂಕ ನೋಡಿ. ಎರಡು ಗಂಟೆ ತುಳಿದು ಬಂದು, ಬೆವರು ಒರೆಸಿ, ಮತ್ತೆ ನೋಡಿ. ಇಳಿದ ಒಂದೊಂದು ಕೆ.ಜಿ. ಸುಮಾರು ಒಂದೊಂದು ಲೀಟರ್. ನಡುವೆ ಕುಡಿದದ್ದನ್ನ ಕೂಡಿಸಿ, ಎರಡರಿಂದ ಭಾಗಿಸಿ. ಅದು ನಿಮ್ಮ ಗಂಟೆಯ ಖರ್ಚು. ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿದ್ರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತೆ, ಅದೂ ಅಪಾಯ. ಮೆಡಿಕಲ್ ಶಾಪಿನ ಓಆರ್‌ಎಸ್ ಪ್ಯಾಕೆಟ್ ಇಟ್ಕೊಳ್ಳಿ. ಇನ್ನೊಂದು, ಸ್ಯಾಟಲೈಟ್ ಕಮ್ಯುನಿಕೇಟರ್ ವಿದೇಶದಿಂದ ತರಿಸೋ ಯೋಚನೆ ಇದ್ರೆ, ನಮ್ಮ ದೇಶದಲ್ಲಿ ಅನುಮತಿ ಇಲ್ಲದೆ ಅದನ್ನ ಬಳಸೋದು ಕಾನೂನುಬಾಹಿರ. ಎಲ್ಲಿಗೆ ಹೋಗ್ತೀವಿ, ಯಾವಾಗ ಬರ್ತೀವಿ ಅಂತ ಮನೇಲಿ ಒಬ್ಬರಿಗೆ ಹೇಳಿ ಹೋಗಿ.

ಸೈಕಲ್ ಯಾವುದು ಅನ್ನೋ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ನಿಮ್ಮ ಗಂಟೆಯ ಖರ್ಚು ಗೊತ್ತಾದ ಮೇಲೆ, ಅಷ್ಟು ನೀರು ಹೊತ್ತು ಮುರಿಯದೆ ಹೋಗೋ ಸೈಕಲ್. ಬಣ್ಣ ನಿಮ್ಮಿಷ್ಟ.

ಪರೀಕ್ಷೆ ಮಾಡಿದವರು ನಿಮ್ಮ ನಂಬರ್ ಕಳಿಸಿ, ಮುಂದಿನ ಎಪಿಸೋಡಲ್ಲಿ ಓದ್ತೀನಿ.